ಗಿಡ್ಡ ತೋಳಿನ ಹೆವಿವೇಟ್: ರಾಕಿ ಮಾರ್ಸಿಯಾನೊ ಬಾಕ್ಸಿಂಗ್ ಕಲಿತ ಬಗೆ

ಎಲ್ಲರಿಗೂ ನಮಸ್ಕಾರ.

ಹೆವಿವೇಟ್ ಬಾಕ್ಸರ್ ಎಂದ ಕೂಡಲೇ ಆರಡಿ ಮೀರಿದ ಆಳು, ಉದ್ದನೆಯ ತೋಳು, ದೂರದಿಂದಲೇ ಎದುರಾಳಿಯ ಮುಖ ಮುಟ್ಟುವ ಎಡಗೈ ನಮ್ಮ ಕಣ್ಣಿಗೆ ಬರುತ್ತದೆ. 1950ರ ದಶಕದ ವಿಶ್ವ ಹೆವಿವೇಟ್ ಚಾಂಪಿಯನ್ ರಾಕಿ ಮಾರ್ಸಿಯಾನೊನ ಎತ್ತರ ಐದಡಿ ಹತ್ತೂವರೆ ಇಂಚು. ತೂಕ 185 ಪೌಂಡಿನ ಆಸುಪಾಸು, ಅಂದರೆ 84 ಕಿಲೊ. ಎರಡೂ ಕೈ ಚಾಚಿ ನಿಂತರೆ ಈ ಬೆರಳ ತುದಿಯಿಂದ ಆ ಬೆರಳ ತುದಿಗೆ 67–68 ಇಂಚು. ಬಾಕ್ಸಿಂಗ್‌ನವರು ರೀಚ್ ಅನ್ನುವುದು ಇದನ್ನೇ. ಅವನಿಗಿಂತ ಮುಂಚಿನ ಹೆವಿವೇಟ್ ಚಾಂಪಿಯನ್ ಜೋ ಲೂಯಿಸ್‌ನ ರೀಚ್ 76 ಇಂಚು. ಇಷ್ಟು ಗಿಡ್ಡ ಅಳತೆಯ ರಾಕಿ 49 ವೃತ್ತಿಪರ ಪಂದ್ಯ ಆಡಿ ಎಲ್ಲವನ್ನೂ ಗೆದ್ದ; ಅದರಲ್ಲಿ 43 ನಾಕೌಟ್. ಅವನ ಗುದ್ದಿಗೆ ಬಲವಿತ್ತು, ಎದೆಯಲ್ಲಿ ಕೆಚ್ಚಿತ್ತು ಎಂದು ಹೇಳಿ ಮುಗಿಸುವುದು ವಾಡಿಕೆ. ಅದು ಅರ್ಧ ಉತ್ತರ ಮಾತ್ರ. ಚಾರ್ಲಿ ಗೋಲ್ಡ್‌ಮನ್ ಎಂಬ ತರಬೇತುದಾರ ಆ ಗಿಡ್ಡ ತೋಳನ್ನು ಹೇಗೆ ಬಳಸಿದ ಎಂಬುದು ಇನ್ನರ್ಧ. ಇವತ್ತಿನ ಮಾತು ಹೆಚ್ಚಾಗಿ ಅದರ ಬಗ್ಗೆಯೇ.

ಮೊದಲು ಮನೆತನ. ರೊಕ್ಕೊ ಫ್ರಾನ್ಸಿಸ್ ಮಾರ್ಕೆಜಾನೊ ಹುಟ್ಟಿದ್ದು 1923ರ ಸೆಪ್ಟೆಂಬರ್ 1ರಂದು, ಅಮೆರಿಕದ ಮಸಾಚುಸೆಟ್ಸ್ ರಾಜ್ಯದ ಬ್ರಾಕ್ಟನ್‌ನಲ್ಲಿ. ಅಪ್ಪ ಪಿಯೆರಿನೊ ಇಟಲಿಯ ಅಬ್ರುಜೊ ಪ್ರದೇಶದ ರಿಪಾ ತೆಯಾತಿನಾದವನು. ಅಮ್ಮ ಪಾಸ್ಕ್ವಾಲಿನಾ ಅದಕ್ಕೂ ದಕ್ಷಿಣದ ಸಾನ್ ಬಾರ್ತೊಲೊಮಿಯೊ ಇನ್ ಗಾಲ್ದೊ ಎಂಬ ಊರಿನವಳು. ಬ್ರಾಕ್ಟನ್ ಆಗ ಬೂಟಿನ ಊರು. ಬೂಟಿನ ಮೇಲ್ಚರ್ಮವನ್ನು ಅಚ್ಚಿನ ಮೇಲೆ ಎಳೆದು ಕೂರಿಸುವ ಯಂತ್ರದ ಮುಂದೆ ಪಿಯೆರಿನೊ ದುಡಿದ. ಮೊದಲನೇ ಮಹಾಯುದ್ಧದಲ್ಲಿ ವಿಷಾನಿಲ ಕುಡಿದು ಬಂದ ಅವನ ದೇಹಕ್ಕೆ ಆ ಕೆಲಸವೂ ಭಾರವೇ. ಆರು ಮಕ್ಕಳಲ್ಲಿ ರಾಕಿ ಹಿರಿಯವ. ಹೈಸ್ಕೂಲು ಅರ್ಧಕ್ಕೆ ಬಿಟ್ಟು ಗುಂಡಿ ತೋಡಿದ, ಐಸು-ಕಲ್ಲಿದ್ದಲು ಲಾರಿಯಲ್ಲಿ ದುಡಿದ, ಬೂಟಿನ ಕಾರ್ಖಾನೆಗೂ ಹೋದ. ಅಲ್ಲಿಯ ಚರ್ಮದ ವಾಸನೆ ಅವನಿಗೆ ಸೇರಲಿಲ್ಲ.

ಅವನ ಕನಸು ಬೇಸ್‌ಬಾಲ್‌ನದ್ದು. 1943ರಲ್ಲಿ ಸೈನ್ಯಕ್ಕೆ ಕರೆ ಬಂತು. ವೇಲ್ಸ್‌ನ ಸ್ವಾನ್ಸಿಯಲ್ಲಿದ್ದುಕೊಂಡು ನಾರ್ಮಂಡಿಗೆ ಸಾಮಗ್ರಿ ಸಾಗಿಸುವ ತುಕಡಿಯಲ್ಲಿದ್ದ. ಯುದ್ಧ ಮುಗಿದ ಮೇಲೆ, 1947ರಲ್ಲಿ ಶಿಕಾಗೊ ಕಬ್ಸ್‌ನ ಕಿರಿಯ ತಂಡದ ಆಯ್ಕೆಗೆ ನಾರ್ತ್ ಕ್ಯಾರೊಲಿನಾದ ಫೆಯೆಟ್‌ವಿಲ್‌ಗೆ ಹೋದ. ಅವನು ಕ್ಯಾಚರ್, ಅಂದರೆ ಬ್ಯಾಟು ಬೀಸುವವನ ಹಿಂದೆ ಕೂತು ಚೆಂಡು ಹಿಡಿಯುವವನು. ಹೋಮ್‌ಪ್ಲೇಟ್‌ನಿಂದ ಎರಡನೇ ಬೇಸಿಗೆ ಚೆಂಡು ನೇರವಾಗಿ ಎಸೆಯಲು ಕೈ ಬಾರದೆ ವಾಪಸು ಬಂದ. ಅದಕ್ಕೂ ಕೆಲವೇ ದಿನ ಮುಂಚೆ, ಮಾರ್ಚ್ 17ರಂದು, ಹೋಲಿಯೋಕ್‌ನಲ್ಲಿ ‘ರಾಕಿ ಮ್ಯಾಕ್’ ಎಂಬ ಹೆಸರಿಟ್ಟುಕೊಂಡು ದುಡ್ಡಿಗಾಗಿ ಒಂದು ಪಂದ್ಯ ಆಡಿ ಮೂರನೇ ಸುತ್ತಿನಲ್ಲಿ ಗೆದ್ದಿದ್ದ. ಹಾಗಾಗಿ ದಾಖಲೆಯಲ್ಲಿ ಮೊದಲ ಪಂದ್ಯಕ್ಕೂ ಎರಡನೆಯದಕ್ಕೂ ನಡುವೆ ಒಂದು ವರ್ಷಕ್ಕೂ ಮಿಕ್ಕಿದ ಅಂತರ. ಆ ನಡುವೆ ಮತ್ತೆ ಅಮೆಚೂರ್ ಆಗಿ ಆಡಿದ, ಸೋತದ್ದೂ ಉಂಟು. 1948ರಲ್ಲಿ ನ್ಯೂಯಾರ್ಕಿನಲ್ಲಿ ಕೋಲಿ ವ್ಯಾಲೇಸ್ ಅವನನ್ನು ಅಂಕಗಳ ಮೇಲೆ ಸೋಲಿಸಿದ. 49-0 ಎಂಬುದು ವೃತ್ತಿಪರ ಲೆಕ್ಕ ಮಾತ್ರ.

ಗೆಳೆಯ ಆಲಿ ಕೊಲಂಬೊ ನ್ಯೂಯಾರ್ಕಿನ ಮ್ಯಾನೇಜರ್ ಆಲ್ ವೀಲ್‌ಗೆ ಕಾಗದ ಬರೆದ. ವೀಲ್ ಹುಟ್ಟಿದ್ದು ಅಲ್ಸೇಸ್‌ನಲ್ಲಿ, ಅವನ ಜತೆಗಿದ್ದ ತರಬೇತುದಾರ ಗೋಲ್ಡ್‌ಮನ್ ಹುಟ್ಟಿದ್ದು ವಾರ್ಸಾದಲ್ಲಿ. ವಲಸಿಗರ ಮಗನನ್ನು ಬೆಳೆಸಿದವರೂ ವಲಸಿಗರೇ. ಆ ಕಾಲದ ಅಮೆರಿಕನ್ ಬಾಕ್ಸಿಂಗ್ ನಡೆಯುತ್ತಿದ್ದುದೇ ಹೀಗೆ: ಮೊದಲು ಐರಿಶರು, ಆಮೇಲೆ ಯಹೂದಿಗಳು, ಇಟಾಲಿಯನ್ನರು, ಕರಿಯರು. ಯಾವ ಊರಿನಲ್ಲಿ ಯಾವ ಜನ ಹೆಚ್ಚೋ ಅವರ ಹುಡುಗನನ್ನು ಹಾಕಿದರೆ ಟಿಕೆಟ್ ಖರ್ಚಾಗುತ್ತಿತ್ತು. ವೀಲ್‌ಗೆ ಈ ಲೆಕ್ಕ ಬಾಯಿಪಾಠ. ರಾಕಿಯ ಶುರುವಿನ ಪಂದ್ಯಗಳಲ್ಲಿ ಬಹುಪಾಲನ್ನು ಬ್ರಾಕ್ಟನ್‌ಗೆ ಹತ್ತಿರದ, ಇಟಾಲಿಯನ್ನರು ತುಂಬಿದ್ದ ಪ್ರಾವಿಡೆನ್ಸ್‌ನಲ್ಲೇ ಇಟ್ಟ. ಊರಿನವರು ಬಂದು ಕೂರುತ್ತಿದ್ದರು. ಎದುರಾಳಿ ತೂರಾಡತೊಡಗಿದರೆ, ಮರ ಉರುಳುವಾಗ ಕಡಿಯುವವರು ಕೂಗುವಂತೆ ‘ಟಿಂಬರ್’ ಎಂದು ಕೂಗುತ್ತಿದ್ದರು. ಮಾರ್ಕೆಜಾನೊ ಎನ್ನಲು ಅಲ್ಲಿಯ ಅನೌನ್ಸರ್‌ಗೆ ನಾಲಿಗೆ ಹೊರಳದೆ ಹೆಸರು ಮಾರ್ಸಿಯಾನೊ ಆಯಿತು.

ಈಗ ಗೋಲ್ಡ್‌ಮನ್ ಕೈಗೆ ಸಿಕ್ಕಿದ ಸರಕನ್ನು ನೋಡೋಣ. ವಯಸ್ಸು 24. ಬಾಕ್ಸಿಂಗ್ ಶುರುಮಾಡಲು ಅದು ತಡವಾದ ವಯಸ್ಸು. ಕಾಲು ಅಗಲಿಸಿ ನಿಲ್ಲುತ್ತಿದ್ದ. ಎಡಗೈ ಇದ್ದೂ ಇಲ್ಲದಂತೆ. ಬಲಗೈಯನ್ನು ದೂರದಿಂದ ಬೀಸಿ ಗುದ್ದುವಾಗ ಹಿಂದಿನ ಕಾಲು ನೆಲ ಬಿಟ್ಟು ಮುಂದಕ್ಕೆ ಬರುತ್ತಿತ್ತು. ಗುದ್ದು ತಾಗಿದರೆ ಸರಿ; ತಪ್ಪಿದರೆ ತನ್ನ ಕಾಲನ್ನೇ ತಾನು ಎಡವುವ ಸ್ಥಿತಿ.

ಇಲ್ಲಿ ಅಗಲ ಕಾಲಿನ ತೊಂದರೆ ಏನೆಂದು ಬಿಡಿಸಿ ಹೇಳಬೇಕು. ಬಲಗೈ ಗುದ್ದಿನ ಬಲ ಹುಟ್ಟುವುದು ತೋಳಿನಲ್ಲಲ್ಲ. ಬಲಪಾದದ ಮುಂಭಾಗ ನೆಲವನ್ನು ಒತ್ತುತ್ತದೆ, ಹಿಮ್ಮಡಿ ಹೊರಕ್ಕೆ ತಿರುಗುತ್ತದೆ, ಮಂಡಿ, ಸೊಂಟ, ಭುಜ ಒಂದರ ಹಿಂದೆ ಒಂದು ತಿರುಗುತ್ತವೆ, ಕೊನೆಗೆ ಮುಷ್ಟಿ. ಪಾದಗಳ ನಡುವೆ ಭುಜದಗಲಕ್ಕಿಂತ ತುಂಬಾ ಹೆಚ್ಚು ಅಂತರವಿದ್ದರೆ ಸೊಂಟ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ, ತಿರುಗಲು ಜಾಗ ಸಿಗುವುದಿಲ್ಲ. ಆಗ ಗುದ್ದುವವನು ಮೈಯನ್ನೇ ಮುಂದಕ್ಕೆ ಎಸೆಯುತ್ತಾನೆ. ಬಲವೇನೋ ಬರುತ್ತದೆ, ಆದರೆ ಒಂದೇ ಗುದ್ದಿಗೆ. ಎರಡನೆಯದು ಬರಬೇಕಾದರೆ ಮೊದಲು ಕಾಲು ಸರಿಮಾಡಿಕೊಳ್ಳಬೇಕು. ಅಷ್ಟರಲ್ಲಿ ಎದುರಾಳಿ ಪಕ್ಕಕ್ಕೆ ಸರಿದು ಹೊಡೆದಿರುತ್ತಾನೆ.

ಗೋಲ್ಡ್‌ಮನ್ ಎರಡೂ ಬೂಟಿನ ಲೇಸುಗಳ ನಡುವೆ ದಾರ ಕಟ್ಟಿದ. ಕಾಲು ಅದಕ್ಕಿಂತ ಅಗಲವಾದರೆ ದಾರ ಎಳೆಯುತ್ತದೆ. ದೊಡ್ಡ ಹೆಜ್ಜೆ ಇಡಲಾಗದವನು ಚಿಕ್ಕ ಹೆಜ್ಜೆ ಕಲಿಯಲೇಬೇಕು: ಎಡಪಾದ ನಾಲ್ಕಾರು ಇಂಚು ಮುಂದೆ, ಬಲಪಾದ ನೆಲ ಸವರಿಕೊಂಡು ಅಷ್ಟೇ ದೂರ ಹಿಂದಿನಿಂದ. ಹೀಗೆ ಸರಿಯುವವನ ತೂಕ ಎಲ್ಲಿ ನಿಂತರೂ ಎರಡು ಕಾಲಿನ ನಡುವೆಯೇ ಇರುತ್ತದೆ, ಯಾವ ಕ್ಷಣದಲ್ಲೂ ಗುದ್ದಬಹುದು.

ಎರಡನೆಯದು ಬಾಗು. ಗಿಡ್ಡ ಬಾಕ್ಸರನ್ನು ನೆಟ್ಟಗೆ ನಿಲ್ಲಿಸಿ ಜ್ಯಾಬ್, ಅಂದರೆ ಮುಂಗೈಯ ನೇರ ಚುಟುಕು ಗುದ್ದು, ಆಡಿಸುವುದು ಶಾಸ್ತ್ರೋಕ್ತ ಪದ್ಧತಿ, ಈ ದೇಹಕ್ಕೆ ಹೊಂದದ್ದು. ಲೂಯಿಸ್‌ಗೂ ರಾಕಿಗೂ ರೀಚಿನಲ್ಲಿ ಸುಮಾರು ಎಂಟಿಂಚಿನ ವ್ಯತ್ಯಾಸ ಅಂದರೆ ಒಂದೊಂದು ತೋಳಿಗೆ ನಾಲ್ಕಿಂಚು. ಆ ನಾಲ್ಕಿಂಚಿನ ಪಟ್ಟಿಯಲ್ಲಿ ನಿಂತಷ್ಟು ಹೊತ್ತು ಅವನು ಹೊಡೆಯುತ್ತಾನೆ, ಇವನು ತಿನ್ನುತ್ತಾನೆ. ಅಲ್ಲಿ ನಿಲ್ಲಬಾರದು, ದಾಟಿ ಒಳಗೆ ಹೋಗಬೇಕು. ಗೋಲ್ಡ್‌ಮನ್ ರಾಕಿಯನ್ನು ಇನ್ನೂ ಗಿಡ್ಡ ಮಾಡಿದ. ಸೊಂಟದಿಂದ ಬಗ್ಗಿದರೆ ಸಾಲದು, ಮಂಡಿ ಮಡಿಸಿ ಇಳಿಯಬೇಕು. ತಲೆ ಎದುರಾಳಿಯ ಎದೆಮಟ್ಟಕ್ಕೆ ಬರಬೇಕು, ಒಂದು ಬದಿಗೆ ವಾಲಿರಬೇಕು. ಹೀಗಿದ್ದವನನ್ನು ಹೊಡೆಯಲು ಎತ್ತರದವನು ಕೆಳಮುಖವಾಗಿ ಗುದ್ದಬೇಕಾಗುತ್ತದೆ. ಕೆಳಮುಖ ಗುದ್ದಿನ ಹಿಂದೆ ಸೊಂಟ ಬರುವುದಿಲ್ಲ, ಬಹುಪಾಲು ಭುಜ ಮಾತ್ರ. ಅಷ್ಟೇ ಅಲ್ಲ, ಹಾಗೆ ಕೈ ಇಳಿಸಿದವನ ಗಲ್ಲ ತೆರೆದುಕೊಳ್ಳುತ್ತದೆ.

ಬಾಗಿನಲ್ಲಿ ಎಡವಟ್ಟು ಇಲ್ಲವೆಂದಲ್ಲ. ಸೊಂಟದಿಂದ ಮಾತ್ರ ಬಗ್ಗಿದವನ ಕಣ್ಣು ನೆಲಕ್ಕೆ ಹೋಗುತ್ತದೆ. ಕೆಳಗಿನಿಂದ ಮೇಲಕ್ಕೆ ಬರುವ ಅಪ್ಪರ್‌ಕಟ್ ಅವನಿಗೆ ಕಾಣುವುದೇ ಇಲ್ಲ. ತಲೆಗೆ ತಲೆ ಢಿಕ್ಕಿ ಹೊಡೆದು ಹುಬ್ಬು, ಹಣೆ ಸೀಳುತ್ತವೆ. ರಾಕಿಗೆ ಇದು ಹೋದಲ್ಲೆಲ್ಲ ಆಯಿತು. ಇನ್ನೊಂದು, ಮಂಡಿ ಮಡಿಸಿ 45 ನಿಮಿಷ ಕಳೆಯಲು ತೊಡೆ ತಡೆಯಬೇಕು. ಆಗ ವಿಶ್ವಪಟ್ಟದ ಪಂದ್ಯ 15 ಸುತ್ತು, ಸುತ್ತಿಗೆ ಮೂರು ನಿಮಿಷ. ಈಗಿನದು 12. ರಾಕಿಯ ಅತಿರೇಕದ ತಾಲೀಮನ್ನು ಜನ ಛಲ ಎನ್ನುತ್ತಾರೆ. ಈ ಶೈಲಿಗೆ ಅದು ಬೇಕೇಬೇಕಿತ್ತು ಅನ್ನುವುದು ಹೆಚ್ಚು ಸರಿ. ದಿನವೂ ಮೈಲಿಗಟ್ಟಲೆ ಓಟ, ಈಜುಕೊಳದ ನೀರೊಳಗೆ ಗುದ್ದುವ ಅಭ್ಯಾಸ, ಗುದ್ದಲು ನೇತುಹಾಕುವ 300 ಪೌಂಡಿನ ಹೆವಿ ಬ್ಯಾಗ್. ಸಾಮಾನ್ಯ ಜಿಮ್ಮಿನ ಬ್ಯಾಗ್ 70ರಿಂದ 100 ಪೌಂಡು ಇರುತ್ತದೆ. ಕಲಿಯುವವರು ಇದನ್ನು ಅನುಕರಿಸಬಾರದು. ಅಲುಗದ ಬ್ಯಾಗಿಗೆ ಮಣಿಕಟ್ಟು ನೇರವಿಲ್ಲದೆ ಗುದ್ದಿದರೆ ಮಣಿಕಟ್ಟು ಉಳುಕುತ್ತದೆ. ತೋರುಬೆರಳು, ನಡುಬೆರಳಿನ ಗೆಣ್ಣು ತಾಗುವ ಬದಲು ಕಿರುಬೆರಳಿನ ಕಡೆ ತಾಗಿದರೆ ಅಂಗೈಯ ಆ ಮೂಳೆಯೇ ಮುರಿಯುತ್ತದೆ.

ಒಳಗೆ ನುಗ್ಗಿದ ಮೇಲೆ ಮುಖವೇ ಸಿಗಬೇಕೆಂದಿಲ್ಲ. ತೋಳು, ಮೊಣಕೈ, ಭುಜ, ಪಕ್ಕೆ, ಸಿಕ್ಕಿದ್ದಕ್ಕೆ ರಾಕಿ ಗುದ್ದುತ್ತಿದ್ದ. ಅಂಕ ಕೊಡುವವರು ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಹತ್ತು ಸುತ್ತು ತೋಳಿಗೆ ಗುದ್ದು ತಿಂದವನ ಗಾರ್ಡ್, ಅಂದರೆ ಮುಖ ಕಾಯುವ ಕೈಗಳು, ಹನ್ನೊಂದನೇ ಸುತ್ತಿನಲ್ಲಿ ಏಳುವುದಿಲ್ಲ. ರೋಲೆಂಡ್ ಲಾಸ್ಟಾರ್ಜಾ ಇದಕ್ಕೆ ಸಾಕ್ಷಿ. ಬ್ರಾಂಕ್ಸ್‌ನ ಈ ಚತುರ ಬಾಕ್ಸರ್ 1950ರ ಮಾರ್ಚ್‌ನಲ್ಲಿ ರಾಕಿಯನ್ನು ಹೆಚ್ಚುಕಡಿಮೆ ಸೋಲಿಸಿಯೇ ಬಿಟ್ಟಿದ್ದ. ಇಬ್ಬರೂ ಅಲ್ಲಿಯವರೆಗೆ ಅಜೇಯರು. ತೀರ್ಪುಗಾರರಲ್ಲಿ ಒಬ್ಬ ಇವನಿಗೆ, ಒಬ್ಬ ಅವನಿಗೆ ಕೊಟ್ಟು ತೀರ್ಪು ಒಡೆಯಿತು, ಮೂರನೆಯವನ ಅಂಕಪಟ್ಟಿಯಲ್ಲಿ ಸುತ್ತುಗಳು 5-5 ಸಮವಾಗಿ, ಪೂರಕ ಅಂಕಗಳ ಮೇಲೆ ರಾಕಿ ಗೆದ್ದ. 1953ರ ಸೆಪ್ಟೆಂಬರ್‌ನಲ್ಲಿ ಪಟ್ಟಕ್ಕಾಗಿ ಮತ್ತೆ ಸೇರಿದಾಗ ಮೊದಲರ್ಧ ಲಾಸ್ಟಾರ್ಜಾ ಚೆನ್ನಾಗಿಯೇ ಆಡಿದ. ಹನ್ನೊಂದರಲ್ಲಿ ಪಂದ್ಯ ನಿಂತಿತು. ಅವನ ತೋಳಿನ ರಕ್ತನಾಳಗಳು ಒಡೆದಿದ್ದವೆಂದು ಆಗ ವರದಿಯಾಯಿತು.

ಆ ಗುದ್ದುಗಳಿಗೆ ಇನ್ನೊಂದು ಮುಖವೂ ಇದೆ. 1949ರ ಡಿಸೆಂಬರ್ 30ರಂದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಆರನೇ ಸುತ್ತಿನಲ್ಲಿ ಬಿದ್ದ ಕಾರ್ಮಿನ್ ವಿಂಗೊ ಪ್ರಜ್ಞೆ ತಪ್ಪಿ ಸಾವಿನಂಚಿಗೆ ಹೋದ. ಬದುಕುಳಿದ, ಮತ್ತೆ ರಿಂಗಿಗೆ ಇಳಿಯಲಿಲ್ಲ. ಆಸ್ಪತ್ರೆ ಖರ್ಚಿಗೆ ರಾಕಿ ದುಡ್ಡು ಕೊಟ್ಟ.

ಇನ್ನು ಪಟ್ಟ ಗೆದ್ದ ಪಂದ್ಯ. 1952ರ ಸೆಪ್ಟೆಂಬರ್ 23, ಫಿಲಡೆಲ್ಫಿಯಾದ ಮುನಿಸಿಪಲ್ ಸ್ಟೇಡಿಯಂ, ಎದುರಿಗೆ 38 ವರ್ಷದ ಚಾಂಪಿಯನ್ ಜೆರ್ಸಿ ಜೋ ವಾಲ್ಕಾಟ್. ಮೊದಲ ಸುತ್ತಿನಲ್ಲೇ ವಾಲ್ಕಾಟ್‌ನ ಎಡ ಹುಕ್ (ಮೊಣಕೈ ಮಡಿಸಿ ಪಕ್ಕದಿಂದ ಬೀಸುವ ಗುದ್ದು) ತಾಗಿ ರಾಕಿ ವೃತ್ತಿಜೀವನದಲ್ಲಿ ಮೊದಲ ಬಾರಿಗೆ ನೆಲ ಕಂಡ. ನಡುವಿನ ಸುತ್ತುಗಳಲ್ಲಿ ಕಣ್ಣಿಗೆ ಏನೋ ಸೇರಿ ಉರಿ ಹತ್ತಿ, ಎದುರಿನವನು ಮಂಜುಮಂಜಾದ. ಹನ್ನೆರಡು ಸುತ್ತು ಮುಗಿದಾಗ ಮೂರೂ ಅಂಕಪಟ್ಟಿಗಳಲ್ಲಿ ವಾಲ್ಕಾಟ್ ಮುಂದೆ. ಹದಿಮೂರನೆಯದರಲ್ಲಿ ವಾಲ್ಕಾಟ್ ಹಗ್ಗದ ಕಡೆಗೆ ಹಿಂದೆ ಸರಿದ. ಇಬ್ಬರೂ ಒಂದೇ ಕ್ಷಣಕ್ಕೆ ಬಲಗೈ ಬಿಟ್ಟರು. ರಾಕಿಯ ಕೈ ಗಿಡ್ಡ, ಹೋಗಬೇಕಾದ ದಾರಿಯೂ ಗಿಡ್ಡ. ಅದು ಮೊದಲು ಮುಟ್ಟಿತು. ವಾಲ್ಕಾಟ್‌ನ ಮುಖವೇ ಸೊಟ್ಟಗಾದದ್ದು ಆಗಿನ ಫೋಟೊದಲ್ಲಿದೆ. ಅವನು ಕುಸಿಯುವಾಗ ಎಡ ತೋಳು ಹಗ್ಗಕ್ಕೆ ಸಿಕ್ಕಿಕೊಂಡಿತು. ‘ಸೂಸಿ ಕ್ಯೂ’ ಎಂದು ಹೆಸರಾದ ಬಲಗೈ ಅದು. ಉದ್ದ ತೋಳಿನವನಿಗೆ ಆ ಅಂತರದಲ್ಲಿ ಮೊಣಕೈ ಮಡಿಸಲು ಜಾಗವೇ ಸಾಲುತ್ತಿರಲಿಲ್ಲ. ಎಂಟು ತಿಂಗಳ ನಂತರದ ಮರುಪಂದ್ಯ ಶಿಕಾಗೊದಲ್ಲಿ ಮೊದಲ ಸುತ್ತಿಗೇ ಮುಗಿಯಿತು.

ಎಜಾರ್ಡ್ ಚಾರ್ಲ್ಸ್ ಜತೆಗಿನ ಎರಡು ಪಂದ್ಯಗಳೇ ನನ್ನ ಮಟ್ಟಿಗೆ ಅವನ ಅತ್ಯುತ್ತಮ ಆಟ. 1954ರ ಜೂನ್‌ನಲ್ಲಿ ಪೂರ್ತಿ 15 ಸುತ್ತು ನಿಂತವನು ಚಾರ್ಲ್ಸ್ ಒಬ್ಬನೇ. ಸೆಪ್ಟೆಂಬರ್ 17ರ ಮರುಪಂದ್ಯದಲ್ಲಿ ರಾಕಿಯ ಮೂಗಿನ ಹೊಳ್ಳೆ ಸೀಳಿಹೋಯಿತು. ಸುತ್ತುಗಳ ನಡುವೆ ಗಾಯದ ರಕ್ತ ತಡೆಯುವ ಕಟ್‌ಮನ್‌ಗೆ ಸಿಗುವುದು 60 ಸೆಕೆಂಡು. ಬಂದು ಕೂರುವುದು, ಏಳುವುದು ಕಳೆದರೆ ನಲವತ್ತು. ಹುಬ್ಬಿನ ಗಾಯವಾದರೆ ಒರೆಸಿ, ಅಡ್ರಿನಲಿನ್ ಅದ್ದಿದ ಹತ್ತಿಕಡ್ಡಿಯನ್ನು ಮೂಳೆಗೆ ಒತ್ತಿಹಿಡಿದು, ಮೇಲೆ ವ್ಯಾಸಲೀನ್ ಹಚ್ಚಬಹುದು. ಹೊಳ್ಳೆಯ ಹಿಂದೆ ಒತ್ತಲು ಮೂಳೆ ಇಲ್ಲ. ಉಸಿರು ಬಾಯಿಂದ ಎಳೆಯಬೇಕು, ಬಾಯಿ ತೆರೆದರೆ ದವಡೆ ಸಡಿಲ, ಸಡಿಲ ದವಡೆಗೆ ಬಿದ್ದ ಗುದ್ದು ನಾಕೌಟ್. ಕಾರ್ನರ್‌ನಲ್ಲಿದ್ದ ಫ್ರೆಡ್ಡಿ ಬ್ರೌನ್ ಹೇಗೋ ರಕ್ತ ತಡೆದ. ರೆಫರಿ ಯಾವ ಕ್ಷಣದಲ್ಲಾದರೂ ಪಂದ್ಯ ನಿಲ್ಲಿಸಬಹುದೆಂದು ಗೊತ್ತಿದ್ದ ರಾಕಿ ಎಂಟನೇ ಸುತ್ತಿನಲ್ಲಿ ಚಾರ್ಲ್ಸ್‌ನನ್ನು ಮಲಗಿಸಿದ.

ಕೊನೆಯ ಪಂದ್ಯ 1955ರ ಸೆಪ್ಟೆಂಬರ್ 21ರಂದು, ಆರ್ಚಿ ಮೂರ್ ವಿರುದ್ಧ, ಯಾಂಕೀ ಸ್ಟೇಡಿಯಂನಲ್ಲಿ. ಎರಡನೇ ಸುತ್ತಿನಲ್ಲಿ ಬಿದ್ದೆದ್ದು ಒಂಬತ್ತರಲ್ಲಿ ಗೆದ್ದ. 1956ರ ಏಪ್ರಿಲ್ 27ರಂದು, 32ನೇ ವಯಸ್ಸಿಗೆ ನಿವೃತ್ತಿ. ಬೆನ್ನುನೋವು ಒಂದು ಕಡೆ, ಗಳಿಕೆಯಲ್ಲಿ ಅರ್ಧ ಹಿಡಿಯುತ್ತಿದ್ದ ವೀಲ್ ಜತೆಗಿನ ಮುನಿಸು ಇನ್ನೊಂದು ಕಡೆ. ವೀಲ್ ಅಂತಾರಾಷ್ಟ್ರೀಯ ಬಾಕ್ಸಿಂಗ್ ಕ್ಲಬ್‌ನಲ್ಲಿ ಪಂದ್ಯ ಕುದುರಿಸುವ ಹುದ್ದೆಗೇರಿದಾಗ ಕಾಗದದ ಮೇಲೆ ಮ್ಯಾನೇಜರ್ ಆಗಿದ್ದವನು ಅವನ ಮಲಮಗ. ಆಮೇಲೆ ರಾಕಿ ಬ್ಯಾಂಕು, ಚೆಕ್ಕು ನಂಬದೆ ನಗದಿನಲ್ಲೇ ವ್ಯವಹಾರ ಮಾಡಿದ, ಅಲ್ಲಲ್ಲಿ ಬಚ್ಚಿಟ್ಟ. 1969ರ ಆಗಸ್ಟ್ 31ರ ರಾತ್ರಿ, 46 ತುಂಬುವ ಹಿಂದಿನ ದಿನ, ಅಯೋವಾದ ನ್ಯೂಟನ್ ಬಳಿ ಸೆಸ್ನಾ ವಿಮಾನ ಬಿದ್ದು ತೀರಿಕೊಂಡ. ಬಚ್ಚಿಟ್ಟ ದುಡ್ಡಿನಲ್ಲಿ ಬಹುಪಾಲು ಮನೆಯವರಿಗೆ ಸಿಗಲಿಲ್ಲ.

49-0ರ ಬಗ್ಗೆ ಒಂದು ಮಾತು. 1951ರಲ್ಲಿ ರಾಕಿಯ ಗುದ್ದಿಗೆ ಎಂಟನೇ ಸುತ್ತಿನಲ್ಲಿ ಹಗ್ಗದಾಚೆ ಬಿದ್ದ ಜೋ ಲೂಯಿಸ್‌ಗೆ 37 ವರ್ಷವಾಗಿತ್ತು, ಅವನ ಒಳ್ಳೆಯ ದಿನಗಳು ಕಳೆದಿದ್ದವು. ವಾಲ್ಕಾಟ್, ಮೂರ್ ಕೂಡ ಹರೆಯದವರಲ್ಲ. ಇದನ್ನು ಹೇಳದೆ ಆ ಅಂಕಿಯನ್ನು ಹೊಗಳುವುದು ಸರಿಯಲ್ಲ. ಲ್ಯಾರಿ ಹೋಮ್ಸ್ 48-0ಕ್ಕೆ ಬಂದು 1985ರ ಸೆಪ್ಟೆಂಬರ್ 21ರಂದು ಮೈಕೆಲ್ ಸ್ಪಿಂಕ್ಸ್‌ಗೆ ಸೋತ. 2017ರಲ್ಲಿ 50-0 ಮುಟ್ಟಿದ ಫ್ಲಾಯ್ಡ್ ಮೇವೆದರ್ ಹೆವಿವೇಟ್ ಅಲ್ಲ. ಇವತ್ತಾಗಿದ್ದರೆ ರಾಕಿಯೂ ಹೆವಿವೇಟ್ ಆಗಿರುತ್ತಿರಲಿಲ್ಲ. 200 ಪೌಂಡಿನವರೆಗಿನ ಕ್ರೂಸರ್‌ವೇಟ್ ಅವನ ವರ್ಗ, ಅದಕ್ಕೂ ಹದಿನೈದು ಪೌಂಡು ಕಡಿಮೆ ಬೀಳುತ್ತಿತ್ತು.

ಪಂದ್ಯಗಳ ಚಿತ್ರೀಕರಣ ಸುಲಭವಾಗಿ ಸಿಗುತ್ತದೆ. ನೋಡುವುದಾದರೆ 1952ರ ವಾಲ್ಕಾಟ್ ಪಂದ್ಯದಿಂದ ಶುರುಮಾಡಿ. ಮೊದಲ ಸಲ ಮುಷ್ಟಿಯ ಕಡೆ ಕಣ್ಣು ಹಾಕದೆ ಪಾದಗಳನ್ನೇ ನೋಡಿ, ಎರಡನೇ ಸಲ ವಾಲ್ಕಾಟ್‌ನ ಎಡಗೈ ಎಷ್ಟು ಬಾರಿ ರಾಕಿಯ ತಲೆಯ ಮೇಲೆ ಹಾದುಹೋಗುತ್ತದೆ ಎಂದು ಎಣಿಸಿ. ಪ್ರಶ್ನೆಗಳಿದ್ದರೆ ಈಗ ಕೇಳಬಹುದು.