ನದಿ ದಂಡೆಯಲ್ಲಿ ಕ್ಯಾಂಪರ್ ವ್ಯಾನ್: ಕೊಳಕು ನೀರು ಎಲ್ಲಿಗೆ ಹೋಗುತ್ತದೆ?

ನಮಸ್ಕಾರ ರೀ ಎಲ್ಲರಿಗೂ.

"ಅಣ್ಣಾ, ಒಂದು ಕ್ಯಾಂಪರ್ ವ್ಯಾನ್ ತಗೊಂಡು ಮಲಪ್ರಭಾ ದಂಡೆಗೆ ನಿಲ್ಲಿಸಿ ಎರಡು ದಿನ ಇರಬಹುದಾ?" ಬಾದಾಮಿ, ಗೋಕಾಕ, ಆಲಮಟ್ಟಿ ಕಡೆಯ ವಿಡಿಯೋ ಹಾಕಿದಾಗಲೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. ಅಮೆರಿಕದ ಆರ್‌ವಿ, ಅಂದರೆ ಒಳಗೇ ಹಾಸಿಗೆ, ಅಡುಗೆಮನೆ, ಸಂಡಾಸ ಇರುವ ಮನೆಯಂಥ ಗಾಡಿಗಳ ವಿಡಿಯೋ ನೋಡಿ ಹುಟ್ಟಿದ ಆಸೆ ಇದು. ಕ್ಯಾಂಪರ್ ವ್ಯಾನ್ ಅಂದರೆ ಅದರದೇ ಸಣ್ಣ ರೂಪ. ನದಿ, ಮರ, ಮಡಚುವ ಕುರ್ಚಿ, ಬಾಗಿಲು ತೆಗೆದರೆ ಎದುರಿಗೇ ನೀರು. ಯಾರಿಗೆ ಬೇಡ ಹೇಳಿ? ಆದರೆ ಒಂದು ಸಂಗತಿಯನ್ನು ಆ ವಿಡಿಯೋಗಳು ಹೆಚ್ಚಾಗಿ ತೋರಿಸುವುದಿಲ್ಲ. ನಾಲ್ಕು ಜನ ಎರಡು ದಿನ ಸ್ನಾನ ಮಾಡಿದರು, ಪಾತ್ರೆ ತೊಳೆದರು, ಸಂಡಾಸಕ್ಕೆ ಹೋದರು. ಆ ನೀರೆಲ್ಲ ಎಲ್ಲಿಗೆ ಹೋಯಿತು? ಇವತ್ತು ಅದರ ಬೆನ್ನು ಹತ್ತೋಣ.

ಮೂಲ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ದೊಡ್ಡ ಆರ್‌ವಿಯಲ್ಲಿ ಮೂರು ಟ್ಯಾಂಕ್ ಇರುತ್ತವೆ. ಒಂದು ಒಳ್ಳೆ ನೀರಿಗೆ. ಎರಡನೆಯದು ಸ್ನಾನ, ಪಾತ್ರೆ ತೊಳೆದ ನೀರಿಗೆ, ಅದಕ್ಕೆ ಗ್ರೇ ಟ್ಯಾಂಕ್ ಅಂತಾರೆ. ಮೂರನೆಯದು ಸಂಡಾಸದ್ದು, ಬ್ಲ್ಯಾಕ್ ಟ್ಯಾಂಕ್. ಸಣ್ಣ ವ್ಯಾನ್ ಆದರೆ ಬ್ಲ್ಯಾಕ್ ಟ್ಯಾಂಕ್ ಬದಲು ಸುಮಾರು 20 ಲೀಟರಿನ ಕ್ಯಾಸೆಟ್, ಹಿಡಿಕೆ ಹಿಡಿದು ಹೊರಗೆ ಎಳೆದು ಖಾಲಿ ಮಾಡಿ ಬರುವುದು. ಅಮೆರಿಕದಲ್ಲಿ ಈ ಗಾಡಿಗಳು ತಂಗಲೆಂದೇ ಇರುವ ಒಳ್ಳೆ ಪಾರ್ಕುಗಳಲ್ಲಿ ಪ್ರತಿ ಗಾಡಿಯ ಜಾಗಕ್ಕೂ ಒಂದು ನಲ್ಲಿ, ಒಂದು ಕರೆಂಟ್ ಪ್ಲಗ್, ನೆಲದಲ್ಲಿ ಒಂದು ಒಳಚರಂಡಿ ಬಾಯಿ ಇರುತ್ತದೆ. ಒಳಚರಂಡಿ ಇಲ್ಲದ ಕಡೆ, ಹೋಗುವಾಗ ಎಲ್ಲರೂ ಖಾಲಿ ಮಾಡಿ ಹೋಗಲು ಒಂದೇ ಒಂದು ಡಂಪ್ ಸ್ಟೇಷನ್.

[ಸ್ಕ್ರೀನ್ ಮೇಲೆ: ಟ್ಯಾಂಕ್ ಮತ್ತು ವಾಲ್ವ್ ಚಿತ್ರ]

ಈಗ ನನಗೆ ಬಹಳ ಇಷ್ಟವಾದ ಭಾಗ. ಊಟ ಮಾಡುತ್ತಾ ನೋಡುತ್ತಿದ್ದರೆ ಒಂದು ನಿಮಿಷ ನಿಲ್ಲಿಸಿ, ಆಮೇಲೆ ನೋಡಿ.

ಹೊಸದಾಗಿ ಆರ್‌ವಿ ತಗೊಂಡವರು ಪಾರ್ಕಿಗೆ ಬಂದು ಪೈಪ್ ಜೋಡಿಸುತ್ತಾರೆ, ಬ್ಲ್ಯಾಕ್ ಟ್ಯಾಂಕಿನ ವಾಲ್ವ್ ತೆಗೆದು ಹಾಗೇ ಬಿಟ್ಟುಬಿಡುತ್ತಾರೆ. ಮನೆಯ ಸಂಡಾಸದ ಹಾಗೆ ಬಂದದ್ದೆಲ್ಲ ತಾನಾಗಿ ಹೋಗಲಿ ಅಂತ. ಕೇಳಲು ಸರಿ ಅನ್ನಿಸುತ್ತದೆ, ಅಲ್ವಾ? ಆಗುವುದೇ ಬೇರೆ. ನೀರಿನ ಭಾಗ ಕೂಡಲೇ ಹರಿದು ಹೋಗುತ್ತದೆ. ಗಟ್ಟಿ ಭಾಗ ಮತ್ತು ಪೇಪರ್ ಕಮೋಡಿನ ನೇರ ಕೆಳಗೆ ಬಿದ್ದಲ್ಲೇ ಕೂರುತ್ತದೆ. ಮರುದಿನ ಅದರ ಮೇಲೆ ಇನ್ನಷ್ಟು. ವಾರ ಕಳೆಯುವುದರೊಳಗೆ ಟ್ಯಾಂಕಿನಲ್ಲಿ ಪಿರಮಿಡ್ಡಿನಂಥ ಗುಡ್ಡೆ ಎದ್ದು, ಒಣಗಿ, ಕಲ್ಲಿನಷ್ಟು ಗಟ್ಟಿ ಆಗುತ್ತದೆ. ಆಮೇಲೆ ನೀರು ಹಾಕಿದರೂ ಕರಗುವುದಿಲ್ಲ.

ಹಾಗಾದರೆ ಸರಿಯಾದ ಕ್ರಮ ಏನು? ಪೈಪ್ ಜೋಡಿಸಿದ್ದರೂ ವಾಲ್ವ್ ಮುಚ್ಚಿಯೇ ಇಡಬೇಕು. ಟ್ಯಾಂಕ್ ಮೂರರಲ್ಲಿ ಎರಡು ಭಾಗ ತುಂಬುವವರೆಗೆ ಕಾಯಬೇಕು. ಆಮೇಲೆ ಒಮ್ಮೆಲೇ ಎಳೆಯಬೇಕು. ನಮ್ಮ ಓಣಿಯ ಗಟಾರ ಕಟ್ಟಿಕೊಂಡಾಗ ಏನು ಮಾಡುತ್ತೇವೆ? ಚೊಂಬಿನಲ್ಲಿ ಸ್ವಲ್ಪ ಸ್ವಲ್ಪ ಹಾಕಿದರೆ ನೀರು ಕಸದ ಸಂದಿಯಲ್ಲಿ ಹರಿದು ಹೋಗುತ್ತದೆ, ಕಸ ಅಲ್ಲೇ ಇರುತ್ತದೆ. ಅದೇ ಬಕೆಟ್ ತುಂಬಾ ನೀರು ಒಮ್ಮೆಲೇ ಹೊಡೆದರೆ ಕಸವೂ ಕೂಡಿಯೇ ಹೋಗುತ್ತದೆ. ಇದೂ ಅದೇ. ಬ್ಲ್ಯಾಕ್ ಟ್ಯಾಂಕ್ ಖಾಲಿ ಆದ ಮೇಲೆಯೇ ಗ್ರೇ ವಾಲ್ವ್ ಎಳೆಯುವುದು, ಯಾಕೆಂದರೆ ಆ ಸೋಪಿನ ನೀರು ಪೈಪನ್ನು ತೊಳೆದುಕೊಂಡು ಹೋಗುತ್ತದೆ. ಎಷ್ಟು ಚೆನ್ನಾಗಿ ಯೋಚಿಸಿದ್ದಾರೆ ನೋಡಿ! ಪಾತ್ರೆ ತೊಳೆದ ನೀರಿಗೂ ಇನ್ನೊಂದು ಕೆಲಸ.

ಆದರೆ ಇದೆಲ್ಲ ನಡೆಯುವುದು ನೆಲದಲ್ಲಿ ಆ ಒಳಚರಂಡಿ ಬಾಯಿ ಇದ್ದರೆ ಮಾತ್ರ. ಪಟ್ಟದಕಲ್ಲಿನ ಹತ್ತಿರ ಇರಲಿ, ಕೂಡಲಸಂಗಮದ ಹತ್ತಿರ ಇರಲಿ, ಸುಮ್ನೆ ದಂಡೆಗೆ ಹೋಗಿ ನಿಂತರೆ ಆ ವ್ಯವಸ್ಥೆ ಎಲ್ಲಿಂದ ಬರಬೇಕು? ಆಗ ಗಾಡಿಯವರು ಏನು ಮಾಡುತ್ತಾರೆ ಅಂತ ನಾನು ಹೇಳಬೇಕಾಗಿಲ್ಲ.

"ಸೋಪಿನ ನೀರು ತಾನೇ, ಅದೂ ಬಯೋಡಿಗ್ರೇಡಬಲ್ ಸೋಪ್, ನದಿಗೆ ಬಿಟ್ಟರೆ ಏನಾಯಿತು?" ಅಂತ ಕೇಳುವವರೂ ಇದ್ದಾರೆ. ಇದು ಗೊತ್ತಿರಲಿ: ಆ ಸೋಪ್ ಸರಿಯಾಗಿ ಕೊಳೆಯಲು ಮಣ್ಣು ಬೇಕು, ಮಣ್ಣಿನ ಬ್ಯಾಕ್ಟೀರಿಯಾ ಬೇಕು. ನೇರ ನೀರಿಗೆ ಬಿದ್ದರೆ ಮೀನಿನ ಕಿವಿರಿಗೆ ಪೆಟ್ಟು. ಅದಕ್ಕೇ ಹೊರಗಡೆ ಕ್ಯಾಂಪ್ ಮಾಡುವವರ ನಿಯಮ ಏನೆಂದರೆ ತೊಳೆಯುವ ಕೆಲಸ ಎಲ್ಲ ನೀರಿನಿಂದ 200 ಅಡಿ, ಅಂದರೆ ಸುಮಾರು 70 ದೊಡ್ಡ ಹೆಜ್ಜೆ ದೂರ.

ಆ ನಿಯಮವೂ ನಮ್ಮ ಎರೆ ಮಣ್ಣಿನಲ್ಲಿ ಪೂರ್ತಿ ಸಾಲುವುದಿಲ್ಲ. ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಉಬ್ಬಿದ ಮೇಲೆ ನೀರನ್ನು ಕೆಳಗೆ ಇಳಿಯಲು ಬಿಡುವುದಿಲ್ಲ. ಗುಂಡಿ ತೋಡಿ ಸುರಿದರೆ ಅಲ್ಲೇ ನಿಂತು ನಾರುತ್ತದೆ. ಬೇಸಿಗೆಯಲ್ಲಿ ಇದರ ಉಲ್ಟಾ. ಬಿರುಕು ಬಿಟ್ಟ ನೆಲದಲ್ಲಿ ಕೊಳಕು ನೀರು ಸೋಸದೆಯೇ ಸೀದಾ ಕೆಳಗೆ ಇಳಿಯುತ್ತದೆ. ಇಲ್ಲಿ ಇಂಗುಗುಂಡಿ ಬೇಡ, ಮುಚ್ಚಿದ ಸಂಪ್ ಬೇಕು, ಅದನ್ನು ಖಾಲಿ ಮಾಡಲು ಸಕ್ಕಿಂಗ್ ಗಾಡಿ ಬರಬೇಕು. ಹುಬ್ಬಳ್ಳಿ-ಧಾರವಾಡದ ನಲ್ಲಿಗಳಿಗೆ ಬರುವುದು ಸವದತ್ತಿ ಹತ್ತಿರದ ರೇಣುಕಾಸಾಗರದ ನೀರು, ಅಂದರೆ ಮಲಪ್ರಭೆಯ ನೀರು. ದಂಡೆಯಲ್ಲಿ ನಾವು ಬಿಟ್ಟದ್ದನ್ನು ಕೆಳಗಡೆ ಯಾರೋ ಕುಡಿಯುತ್ತಾರೆ. ಈ ಮಾತನ್ನು ನಾನು ಸಿಟ್ಟಿನಿಂದಲೇ ಹೇಳುತ್ತಿದ್ದೇನೆ.

ಇನ್ನು ಶಾಂತಿ. ನದಿ ದಂಡೆಗೆ ಹೋಗುವುದೇ ಸದ್ದಿಲ್ಲದ ರಾತ್ರಿಗಾಗಿ. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಬಾಗಲಕೋಟೆ, ವಿಜಯಪುರದಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ತಗಡಿನ ಗಾಡಿಯೊಳಗೆ ಏಸಿ ಇಲ್ಲದೆ ಮಲಗಲು ಆಗುವುದಿಲ್ಲ. ಲೆಕ್ಕ ನೋಡಿ: 12 ವೋಲ್ಟಿನ 200 ಆಂಪಿಯರ್ ಅವರ್ ಬ್ಯಾಟರಿ ಅಂದರೆ 2.4 ಯೂನಿಟ್ ಕರೆಂಟ್. ಸಣ್ಣ ಏಸಿ ಒಂದು ಗಂಟೆಗೆ ಸುಮಾರು 1 ಯೂನಿಟ್ ತಿನ್ನುತ್ತದೆ ಅಂದುಕೊಳ್ಳಿ. ಎರಡು ಗಂಟೆ ಚಿಲ್ಲರೆಗೆ ಬ್ಯಾಟರಿ ಮುಗಿಯಿತು. ಮೇಲೆ 400 ವ್ಯಾಟಿನ ಸೋಲಾರ್ ಇದ್ದರೂ ಇಡೀ ದಿನಕ್ಕೆ ಬರುವುದು ಹೆಚ್ಚೆಂದರೆ 2 ಯೂನಿಟ್ ಆಸುಪಾಸು. ಆಗ ಜನರೇಟರ್ ಹೊರಗೆ ಬರುತ್ತದೆ, ಅಲ್ಲಿಗೆ ಶಾಂತಿ ಮುಗಿಯಿತು, ನಿಮ್ಮದೂ ಪಕ್ಕದ ಗಾಡಿಯವರದೂ. ಅಮೆರಿಕದ ಎಷ್ಟೋ ಪಾರ್ಕುಗಳಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಸದ್ದು ಮಾಡುವಂತಿಲ್ಲ. ಆ ನಿಯಮ ನಡೆಯುವುದು ಜಾಗಕ್ಕೊಂದು ಕರೆಂಟ್ ಪ್ಲಗ್ ಇರುವುದರಿಂದ. ನಮ್ಮಲ್ಲಿ ಪ್ಲಗ್ ಬರುವವರೆಗೆ ನವೆಂಬರ್‌ನಿಂದ ಫೆಬ್ರವರಿವರೆಗೆ ಹೋಗಿ, ಏಸಿಯ ಮಾತೇ ಬರುವುದಿಲ್ಲ. ಧೂಪದಾಳದ ಘಟಪ್ರಭಾ ಪಕ್ಷಿಧಾಮಕ್ಕೆ ದೂರದ ದೇಶಗಳ ಕೊಕ್ಕರೆಗಳು, ಡೆಮೊಯಿಸೆಲ್ ಕ್ರೇನ್‌ಗಳು ಬರುವುದೂ ಚಳಿಗಾಲದಲ್ಲೇ. ಆದರೆ ಅದು 1974ರಿಂದ ಸಂರಕ್ಷಿತ ಜಾಗ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳಗೆ ರಾತ್ರಿ ತಂಗುವ ಯೋಚನೆ ಬೇಡ.

ಮಳೆಗಾಲದ ವಿಷಯ ತುಂಬಾ ಮುಖ್ಯ, ದಯವಿಟ್ಟು ಕೇಳಿ. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ, ಜೋರು ಮಳೆಯ ಘಟ್ಟದಲ್ಲಿ. ಬಾದಾಮಿ ಕಡೆ ಒಂದು ಹನಿ ಬೀಳದಿದ್ದರೂ ಅಲ್ಲಿ ಮಳೆ ಹೊಡೆದು, ನವಿಲುತೀರ್ಥದ ಅಣೆಕಟ್ಟೆಯಿಂದ ನೀರು ಬಿಟ್ಟರೆ ಇಲ್ಲಿ ದಂಡೆ ಮುಳುಗುತ್ತದೆ. ಆಗಸ್ಟ್ 2019ರಲ್ಲಿ ಪಟ್ಟದಕಲ್ಲಿನ ದೇವಸ್ಥಾನಗಳವರೆಗೂ ನೀರು ಬಂದಿತ್ತು. ಕೃಷ್ಣೆಗೂ ಇದೇ ಮಾತು, ಅಲ್ಲಿ ಮಹಾರಾಷ್ಟ್ರದ ಕೊಯ್ನಾ ಕಡೆಯಿಂದ. ಆಕಾಶ ನೋಡಿ ಗಾಡಿ ನಿಲ್ಲಿಸಬೇಡಿ. ಅಣೆಕಟ್ಟೆಯಿಂದ ಎಷ್ಟು ಕ್ಯೂಸೆಕ್ ಬಿಡುತ್ತಿದ್ದಾರೆ ಅಂತ ಕೇಳಿ, ಊರಿನ ಹಿರಿಯರನ್ನು ಹಳೆ ನೆರೆ ಎಲ್ಲಿಯವರೆಗೆ ಬಂದಿತ್ತು ಅಂತ ಕೇಳಿ, ಅದಕ್ಕಿಂತ ಮೇಲೆ ನಿಲ್ಲಿ.

ವಿಡಿಯೋ ಉದ್ದ ಆಯಿತು, ಉಳಿದದ್ದು ಒಂದೇ ಉಸಿರಿಗೆ. ಮೂರು ಟನ್ನಿನ ಗಾಡಿಯನ್ನು ಹಸಿ ಎರೆ ನೆಲಕ್ಕೆ ಇಳಿಸಬೇಡಿ, ಬೆಳಿಗ್ಗೆ ಟ್ರ್ಯಾಕ್ಟರ್ ಹುಡುಕಬೇಕಾಗುತ್ತದೆ. ಗರಸು ಹಾಕಿದ ಜಾಗ ನೋಡಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ಕೂರುತ್ತದೆ, ಆದ್ದರಿಂದ ಸಿಲಿಂಡರ್ ಇಡುವ ಕಡೆ ತಳದಲ್ಲಿ ಗಾಳಿಕಿಂಡಿ ಇರಲೇಬೇಕು. ಕೃಷ್ಣೆಯಲ್ಲಿ ಮೊಸಳೆ ಇವೆ, ಊರವರು ಇಳಿಯದ ಕಡೆ ನೀವೂ ಇಳಿಯಬೇಡಿ. ಹಳೆ ಟೆಂಪೋ ಟ್ರಾವೆಲರ್ ತಗೊಂಡು ನೀವೇ ಕ್ಯಾಂಪರ್ ಮಾಡಿಸುವುದಾದರೆ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯನ್ನು ಮನಸ್ಸಿಗೆ ಬಂದಂತೆ ಬದಲಿಸುವ ಹಾಗಿಲ್ಲ.

ಅಂದರೆ ಪ್ರಶ್ನೆಗೆ ಉತ್ತರ: ಹೋಗಬಹುದು, ಆದರೆ ಸಂಡಾಸ ಮತ್ತು ನೀರಿನ ವ್ಯವಸ್ಥೆ ಇರುವ ಹೋಟೆಲ್ ಅಥವಾ ತೋಟದವರನ್ನು ಕೇಳಿ, ದುಡ್ಡು ಕೊಟ್ಟು ಅವರ ಅಂಗಳದಲ್ಲಿ ಗಾಡಿ ನಿಲ್ಲಿಸಿ. ಹಗಲು ನದಿಗೆ ನಡೆದು ಹೋಗಿ. ಕ್ಯಾಸೆಟ್ಟನ್ನು ಅವರನ್ನು ಕೇಳಿ ಅವರ ಸಂಡಾಸದಲ್ಲೇ ಖಾಲಿ ಮಾಡಿ. ನದಿ ಹತ್ತಿರ ಎತ್ತರದ ಜಾಗ ಇರುವವರು ಯಾರಾದರೂ ಈ ವಿಡಿಯೋ ನೋಡುತ್ತಿದ್ದರೆ ಅವರಿಗೂ ಒಂದು ಮಾತು: ನಾಲ್ಕು ಗಾಡಿ ನಿಲ್ಲುವಷ್ಟು ಗರಸು, ನಾಲ್ಕು ಪ್ಲಗ್, ಒಂದು ನಲ್ಲಿ, ಒಂದು ಮುಚ್ಚಿದ ಸಂಪ್. ಇಷ್ಟು ಮಾಡಿ ನಮಗೆ ತಿಳಿಸಿ, ಮುಂದಿನ ವಿಡಿಯೋ ನಿಮ್ಮ ಜಾಗದಿಂದಲೇ ಮಾಡುತ್ತೇವೆ.