ಗಚ್ಚಿಯ ಮೇಲಿನ ಟಾಕಿ, ನಗರದ ಟ್ಯಾಂಕ್: ಯುದ್ಧವಾಹನಕ್ಕೆ ನೀರಿನ ತೊಟ್ಟಿಯ ಹೆಸರು ಬಂದದ್ದು ಹೇಗೆ?

[ದೃಶ್ಯ: ಪುಣೆ–ನಗರ ಹೆದ್ದಾರಿ, ಬೆಳಗಿನ ಹೊತ್ತು]

ನಮಸ್ಕಾರ. ಈ ವಾರದ ಪ್ರಶ್ನೆಯನ್ನು ಕೇಳಿದವನು ನಮ್ಮ ಕೆಳಮಹಡಿಯಲ್ಲಿರುವ ವಿಜಯಪುರದ ಕುಟುಂಬದ ಎಂಟು ವರ್ಷದ ಹುಡುಗ. ನಗರಕ್ಕೆ, ಅಂದರೆ ಈಗ ಅಧಿಕೃತವಾಗಿ ಅಹಿಲ್ಯಾನಗರವಾಗಿದ್ದರೂ ಪುಣೆಯವರ ಬಾಯಲ್ಲಿ ಇನ್ನೂ ಬರಿಯ ‘ನಗರ’ವಾಗಿಯೇ ಉಳಿದಿರುವ ಅಹಮದ್‌ನಗರಕ್ಕೆ, ಟ್ಯಾಂಕ್ ವಸ್ತುಸಂಗ್ರಹಾಲಯ ನೋಡಲು ಹೋಗುತ್ತಿದ್ದೇನೆ ಎಂದು ನಾನು ಹೇಳಿದಾಗ ಅವನು ಬಹಳ ಗಂಭೀರವಾಗಿ ಕೇಳಿದ: “ಕಾಕಾ, ಟಾಕಿ ನೋಡಾಕ ನಗರದ ತನಕಾ ಯಾಕ ಹೋಗ್ತೀರಿ? ನಮ್ಮ ಗಚ್ಚಿ ಮ್ಯಾಲೆ ಐತಲ್ಲ!”

ನಮ್ಮ ಉತ್ತರ ಕರ್ನಾಟಕದ ಮಾತಿನಲ್ಲಿ ಟಾಕಿಯೆಂದರೆ ನೀರಿನ ತೊಟ್ಟಿ, ಗಚ್ಚಿಯೆಂದರೆ ತಾರಸಿ. ಅಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಆದರೆ ಕಾರು ಶಿಕ್ರಾಪುರ ದಾಟುವ ಹೊತ್ತಿಗೆ ಆ ಮಾತು ನನ್ನನ್ನು ಕಾಡತೊಡಗಿತ್ತು. ಫಿರಂಗಿ ಹೊತ್ತು, ಉಕ್ಕಿನ ಕವಚ ತೊಟ್ಟು, ಕಂದಕಗಳನ್ನು ದಾಟಿಕೊಂಡು ಹೋಗುವ ಯಂತ್ರಕ್ಕೆ ನೀರು ತುಂಬಿಡುವ ತೊಟ್ಟಿಯ ಹೆಸರನ್ನು ಯಾರು ಇಟ್ಟರು, ಯಾವ ಕಾರಣಕ್ಕಾಗಿ ಇಟ್ಟರು?

[ದೃಶ್ಯ: ವಸ್ತುಸಂಗ್ರಹಾಲಯದ ಆವರಣ, ಸಾಲಾಗಿ ನಿಂತ ಟ್ಯಾಂಕುಗಳು]

ಮೂಲ ವಿವರಗಳನ್ನು ಬೇಗ ಮುಗಿಸುತ್ತೇನೆ. ಇದು ಪುಣೆಯಿಂದ ಸುಮಾರು 120 ಕಿಲೋಮೀಟರ್ ದೂರದಲ್ಲಿರುವ ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂ. ಭಾರತೀಯ ಸೇನೆಯ ಆರ್ಮರ್ಡ್ ಕೋರ್ ಸೆಂಟರ್ ಆ್ಯಂಡ್ ಸ್ಕೂಲ್ ಇದನ್ನು 1994ರಲ್ಲಿ ಸ್ಥಾಪಿಸಿತು. ಬ್ರಿಟನ್, ಅಮೆರಿಕ, ಜರ್ಮನಿ, ಜಪಾನ್, ರಷ್ಯಾ ದೇಶಗಳ ಯುದ್ಧವಾಹನಗಳೂ ನಮ್ಮವೂ ಇಲ್ಲಿ ತೆರೆದ ಬಯಲಿನಲ್ಲಿ ನಿಂತಿವೆ. ಟ್ಯಾಂಕ್ ಎಂದರೇನು ಎಂಬುದು ನಿಮಗೆಲ್ಲ ಗೊತ್ತಿರುವುದರಿಂದ ಅದನ್ನು ಬಿಟ್ಟು ನೇರವಾಗಿ 1915ಕ್ಕೆ ಹೋಗೋಣ.

ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ನೆಲದ ಮೇಲೆ ಎರಡೂ ಕಡೆಯ ಸೈನ್ಯಗಳು ಕಂದಕ ತೋಡಿ, ಮುಳ್ಳುತಂತಿ ಹಾಕಿ, ಮಷಿನ್‌ಗನ್ನುಗಳ ಹಿಂದೆ ಕುಳಿತುಬಿಟ್ಟಿದ್ದವು. ಇದನ್ನು ಭೇದಿಸುವ ವಾಹನವನ್ನು ತಯಾರಿಸಲು ಆ ವರ್ಷದ ಫೆಬ್ರವರಿಯಲ್ಲಿ ಬ್ರಿಟನ್ನಿನಲ್ಲಿ ಒಂದು ಸಮಿತಿ ರಚನೆಯಾಯಿತು. ತಮಾಷೆಯೆಂದರೆ ಅದನ್ನು ರಚಿಸಿದವರು ಭೂಸೇನೆಯವರಲ್ಲ. ಆಗ ನೌಕಾಪಡೆಯ ಹೊಣೆ ಹೊತ್ತಿದ್ದ ಸಚಿವ ವಿನ್‌ಸ್ಟನ್ ಚರ್ಚಿಲ್. ಹಾಗಾಗಿ ಸಮಿತಿಯ ಹೆಸರು ‘ಲ್ಯಾಂಡ್‌ಶಿಪ್ಸ್ ಕಮಿಟಿ’, ಅಂದರೆ ನೆಲದ ಹಡಗುಗಳ ಸಮಿತಿ ಎಂದಾಯಿತು. ಟ್ಯಾಂಕಿನ ಒಡಲಿಗೆ ಇಂದಿಗೂ ‘ಹಲ್’ ಎಂದೂ ಮೇಲಿನ ಬಾಗಿಲಿಗೆ ‘ಹ್ಯಾಚ್’ ಎಂದೂ ಹಡಗಿನವರ ಮಾತನ್ನೇ ಬಳಸುತ್ತಾರೆ.

ಲಿಂಕನ್ ಪಟ್ಟಣದ ವಿಲಿಯಂ ಫಾಸ್ಟರ್ ಕಾರ್ಖಾನೆಯಲ್ಲಿ ಕೆಲಸ ಆರಂಭವಾದಾಗ ಗುಟ್ಟು ಕಾಪಾಡುವುದೇ ದೊಡ್ಡ ತಲೆನೋವಾಯಿತು. ಇಷ್ಟು ದೊಡ್ಡ ಉಕ್ಕಿನ ಪೆಟ್ಟಿಗೆಯನ್ನು ಊರಿನ ಕಣ್ಣಿನಿಂದ ಮರೆಮಾಡುವಂತಿರಲಿಲ್ಲ, ‘ನೆಲದ ಹಡಗು’ ಎಂದು ಹೇಳಿಬಿಟ್ಟರೆ ಗುಟ್ಟು ಅಲ್ಲಿಗೇ ಮುಗಿಯುತ್ತಿತ್ತು. ಆದ್ದರಿಂದ ಇವು ಮೆಸಪಟೋಮಿಯಾದ ಮರಳುಗಾಡಿಗೆ ನೀರು ಒಯ್ಯುವ ವಾಹನಗಳು ಎಂಬ ಸುಳ್ಳನ್ನು ಹಬ್ಬಿಸಲಾಯಿತು. ಆ ಸುಳ್ಳಿಗೆ ತಕ್ಕ ಹೆಸರೂ ಬೇಕಾಯಿತು. 1915ರ ಡಿಸೆಂಬರಿನಲ್ಲಿ ಅರ್ನೆಸ್ಟ್ ಸ್ವಿಂಟನ್ ಎಂಬ ಸೇನಾಧಿಕಾರಿ ಮತ್ತು ಅವರ ಸಹೋದ್ಯೋಗಿ ಸಿಸ್ಟರ್ನ್, ರಿಸರ್ವಾಯರ್, ಕಂಟೇನರ್ ಮುಂತಾದ ಪದಗಳನ್ನೆಲ್ಲ ತೂಗಿ ನೋಡಿ, ಕೊನೆಗೆ ನಾಲಗೆಗೆ ಹಗುರವಾದ ‘ಟ್ಯಾಂಕ್’ ಎಂಬುದನ್ನು ಆರಿಸಿದರು. ‘ವಾಟರ್ ಕ್ಯಾರಿಯರ್’ ಎಂದೇ ಏಕೆ ಇಡಲಿಲ್ಲ ಎಂಬುದಕ್ಕೆ ಪ್ರಸಿದ್ಧವಾದ ಒಂದು ಕಥೆಯಿದೆ. ಸರಕಾರಿ ಕಚೇರಿಗಳಲ್ಲಿ ಎಲ್ಲವನ್ನೂ ಮೊದಲಕ್ಷರಗಳಲ್ಲಿ ಬರೆಯುವ ರೂಢಿ ಇದ್ದುದರಿಂದ ಆ ಹೆಸರು ‘ಡಬ್ಲ್ಯುಸಿ’ ಆಗುತ್ತಿತ್ತಂತೆ, ಶೌಚಾಲಯದ ಸಮಿತಿಯಲ್ಲಿ ಸದಸ್ಯರಾಗಿರಲು ಯಾರೂ ಒಪ್ಪಲಿಲ್ಲವಂತೆ. ಈ ಕಥೆ ನಿಜವಾಗಿರಲಿ ಎಂದು ನಾನು ಮನಸಾರೆ ಬಯಸುತ್ತೇನೆ.

[ದೃಶ್ಯ: ಮೆಸಪಟೋಮಿಯಾದ ನಕ್ಷೆ, ಟೈಗ್ರಿಸ್ ನದಿಯ ತಿರುವಿನಲ್ಲಿ ಕುತ್]

ಸುಳ್ಳಿಗೆ ಮೆಸಪಟೋಮಿಯಾವೇ ಏಕೆ ಬೇಕಾಯಿತು ಎಂದು ಕೇಳಿದರೆ ನಾವು ಮತ್ತೆ ಪುಣೆಗೆ ಬಂದು ನಿಲ್ಲುತ್ತೇವೆ. ಅದೇ 1915ರ ಡಿಸೆಂಬರಿನಲ್ಲಿ, ಇಂದಿನ ಇರಾಕಿನ ಕುತ್ ಎಂಬ ಊರಿನಲ್ಲಿ, ಬ್ರಿಟಿಷ್ ಇಂಡಿಯಾದ 6ನೇ ಡಿವಿಜನ್ ತುರ್ಕರ ಮುತ್ತಿಗೆಗೆ ಸಿಲುಕಿತ್ತು. ಆ ಡಿವಿಜನ್ನಿನ ಹೆಸರು ‘ಪೂನಾ ಡಿವಿಜನ್’. ಮುತ್ತಿಗೆಯನ್ನು ತೆರವುಗೊಳಿಸಲು ನಡೆದ ಪ್ರಯತ್ನಗಳೆಲ್ಲ ವಿಫಲವಾಗಿ, ಹಸಿವಿನಿಂದ ಕಂಗೆಟ್ಟ ಆ ಸೈನ್ಯ 1916ರ ಏಪ್ರಿಲ್ 29ರಂದು ಶರಣಾಯಿತು. ಮೆಸಪಟೋಮಿಯಾಕ್ಕೆ ನೀರಿನ ವಾಹನ ಹೋಗುತ್ತದೆ ಎಂದರೆ ಲಿಂಕನ್ನಿನ ಕಾರ್ಮಿಕರು ತಕ್ಷಣ ನಂಬಬಹುದಾಗಿದ್ದುದು ಅಲ್ಲಿ ನಿಜವಾಗಿಯೂ ಸೈನಿಕರು ಕಷ್ಟದಲ್ಲಿದ್ದುದರಿಂದ ಇರಬಹುದು. ಆ ಸೈನಿಕರಿಗೆ ಲಿಂಕನ್ನಿನಿಂದ ಟ್ಯಾಂಕೂ ಹೋಗಲಿಲ್ಲ, ನೀರೂ ಹೋಗಲಿಲ್ಲ ಎಂಬುದು ಬೇರೆ ಮಾತು. ಟ್ಯಾಂಕುಗಳು ಮೊದಲ ಬಾರಿ ಯುದ್ಧಕ್ಕಿಳಿದದ್ದು ಶರಣಾಗತಿಯ ನಾಲ್ಕೂವರೆ ತಿಂಗಳ ಬಳಿಕ, 1916ರ ಸೆಪ್ಟೆಂಬರ್ 15ರಂದು, ಫ್ರಾನ್ಸಿನ ಸೋಮ್ ರಣಾಂಗಣದಲ್ಲಿ.

ಇನ್ನು ಪದದ ಮೂಲ. ಇದು ನನ್ನ ಮೆಚ್ಚಿನ ಭಾಗವಾದ್ದರಿಂದ ಸ್ವಲ್ಪ ತಾಳ್ಮೆ ಇರಲಿ. ಇಂಗ್ಲಿಷ್ ನಿಘಂಟುಕಾರರು ‘ಟ್ಯಾಂಕ್’ ಪದವನ್ನು ಗುಜರಾತಿ ಅಥವಾ ಮರಾಠಿಯಲ್ಲಿ ನೆಲದಡಿಯ ನೀರಿನ ತೊಟ್ಟಿಗೆ ಇರುವ ಪದದಿಂದ ಬಂದಿರಬಹುದು ಎನ್ನುತ್ತಾರೆ; ಪೋರ್ಚುಗೀಸರ ‘ಟಾಂಕೆ’ ಎಂಬ ಪದವೂ ಅದರ ಜೊತೆಗೂಡಿದೆ. ಪುಣೆಯಲ್ಲಿ ಕೋಟೆ ಹತ್ತುವವರಿಗೆ ಇದಕ್ಕೆ ನಿಘಂಟು ಬೇಕಿಲ್ಲ. ಸಿಂಹಗಡದಲ್ಲಿ ಪಿಠಲೆ-ಭಾಕರಿ ತಿಂದು, ಬಂಡೆಯಲ್ಲಿ ಕೊರೆದ ‘ದೇವಟಾಕೆ’ಯ ತಣ್ಣನೆಯ ನೀರಿನ ಬಗ್ಗೆ ಹೊಗಳಿಕೆ ಕೇಳಿ ಬಂದವರೆಲ್ಲ ಆ ಪದದ ಅಂಚಿನಲ್ಲೇ ನಿಂತು ಬಂದಿದ್ದಾರೆ. ನಮ್ಮ ಉತ್ತರ ಕರ್ನಾಟಕದ ‘ಟಾಕಿ’ಯೂ ಅದೇ ವಂಶದ್ದು. ವ್ಯಾಪಾರಕ್ಕೆ ಬಂದ ಆಂಗ್ಲರು ಈ ಮಾತನ್ನು ಎತ್ತಿಕೊಂಡು ದಕ್ಷಿಣದ ಕೆರೆಗಳಿಗೆಲ್ಲ ಅದನ್ನೇ ಅಂಟಿಸಿದರು. ಬೆಂಗಳೂರಿನ ‘ಸ್ಯಾಂಕಿ ಟ್ಯಾಂಕ್’ ಎಂಬ ಹೆಸರನ್ನು ಸಂದರ್ಭ ತಿಳಿಯದವರು ಕೇಳಿದರೆ ಕರ್ನಲ್ ಸ್ಯಾಂಕಿ ಎಂಬ ಅಧಿಕಾರಿಯ ಯುದ್ಧವಾಹನವೆಂದೇ ಭಾವಿಸಬಹುದು; ಅದು ಅವರ ಕಾಲದಲ್ಲಿ, 1882ರಲ್ಲಿ, ನಿರ್ಮಿಸಿದ ಕೆರೆ.

ಇದರಲ್ಲೊಂದು ವಿಚಿತ್ರವಿದೆ. ಪದವನ್ನು ಕೊಟ್ಟ ಮರಾಠಿ ಯುದ್ಧವಾಹನಕ್ಕೆ ಆ ಪದವನ್ನು ಬಳಸುವುದಿಲ್ಲ. ಅದಕ್ಕೆ ‘ರಣಗಾಡಾ’ ಎಂಬ ಸೊಗಸಾದ ಸ್ವಂತ ಹೆಸರಿಟ್ಟುಕೊಂಡಿದೆ. ನಾವು ಕನ್ನಡಿಗರು ಮಾತ್ರ ಇಂಗ್ಲಿಷರು ಒಯ್ದು ಹಿಂದಿರುಗಿಸಿದ ಟಾಕಿಯನ್ನೇ ಟ್ಯಾಂಕ್ ಎಂದು ಕರೆದುಕೊಂಡು ಕುಳಿತಿದ್ದೇವೆ. ರಣಬಂಡಿ ಎನ್ನಬಹುದಿತ್ತು. ಈಗ ತಡವಾಯಿತು.

[ದೃಶ್ಯ: ಪಿಟಿ-76, ಹಿಂಭಾಗದ ಸಮೀಪದೃಶ್ಯ]

ನೀರಿನ ಹೆಸರು ಹೊತ್ತ ಈ ವಾಹನಕ್ಕೆ ನೀರಿನೊಂದಿಗೆ ನಿಜವಾದ ನಂಟೂ ಇದೆ. ನಾನು ಅತಿ ಹೆಚ್ಚು ಹೊತ್ತು ನಿಂತದ್ದು ಈ ರಷ್ಯನ್ ಪಿಟಿ-76ರ ಮುಂದೆ, ಸರಿಯಾಗಿ ಹೇಳುವುದಾದರೆ ಅದರ ಹಿಂದೆ. ಹೆಸರಿನ ಅರ್ಥವೇ ‘ತೇಲುವ ಟ್ಯಾಂಕ್’. 76 ಎಂಬುದು ಫಿರಂಗಿಯ ಅಳತೆ, ಮಿಲಿಮೀಟರುಗಳಲ್ಲಿ. ಹಿಂಬದಿಯಲ್ಲಿರುವ ಈ ಎರಡು ದುಂಡನೆಯ ತೂತುಗಳನ್ನು ನೋಡಿ, ಇಡ್ಲಿ ಪಾತ್ರೆಗೆ ಹೊಂದುವಂಥ ಮುಚ್ಚಳಗಳಿವೆ. ಎಂಜಿನ್ ಕೆಳಗಿನಿಂದ ನೀರನ್ನು ಎಳೆದುಕೊಂಡು ಇಲ್ಲಿಂದ ರಭಸವಾಗಿ ಚಿಮ್ಮಿಸುತ್ತದೆ, ವಾಹನ ಮುಂದೆ ಸಾಗುತ್ತದೆ. ಒಂದು ಮುಚ್ಚಳ ಮುಚ್ಚಿದರೆ ಆ ಕಡೆಗೆ ತಿರುಗುತ್ತದೆ, ಎರಡನ್ನೂ ಮುಚ್ಚಿದರೆ ನೀರು ಪಕ್ಕದ ಕಿಂಡಿಗಳಿಂದ ಮುಂದಕ್ಕೆ ಚಿಮ್ಮಿ ವಾಹನ ಹಿಂದೆ ಸರಿಯುತ್ತದೆ. ಚುಕ್ಕಾಣಿಯಿಲ್ಲ, ಹುಟ್ಟಿಲ್ಲ, ಬರಿಯ ಮುಚ್ಚಳಗಳ ಆಟ. ನೀರಿಗಿಳಿಯುವ ಮೊದಲು ಮೂತಿಯ ಮೇಲಿರುವ ತಗಡಿನ ಹಲಗೆಯನ್ನು ಎತ್ತಿ ನಿಲ್ಲಿಸುತ್ತಾರೆ, ಇಲ್ಲದಿದ್ದರೆ ಅಲೆ ಚಾಲಕನ ತಲೆಯ ಮೇಲೇ ಬರುತ್ತದೆ.

ತೇಲುವುದಕ್ಕೆ ತೆತ್ತ ಬೆಲೆಯೆಂದರೆ ಕವಚ ತೆಳುವಾದದ್ದು: ಭಾರೀ ಮಷಿನ್‌ಗನ್ನಿನ ಗುಂಡೂ ಪಕ್ಕದಿಂದ ಒಳನುಗ್ಗಬಲ್ಲದು. ಆದರೂ 1971ರ ನವೆಂಬರಿನಲ್ಲಿ, ಯುದ್ಧ ಅಧಿಕೃತವಾಗಿ ಘೋಷಣೆಯಾಗುವ ಮೊದಲೇ, ಪೂರ್ವ ಪಾಕಿಸ್ತಾನದ ಗರೀಬ್‌ಪುರದಲ್ಲಿ ನಮ್ಮ ‘45 ಕ್ಯಾವಲ್ರಿ’ ರೆಜಿಮೆಂಟಿನ ಪಿಟಿ-76ಗಳು ಪಾಕಿಸ್ತಾನದ ಚಾಫಿ ಟ್ಯಾಂಕುಗಳನ್ನು ಸೋಲಿಸಿದವು. ಇದರ ತೂಕ ಸುಮಾರು 14 ಟನ್. ಲೆಕ್ಕ ಹಾಕಿ ನೋಡಿದೆ: ನಮ್ಮ ಸೊಸೈಟಿಯ ಗಚ್ಚಿಯ ಮೇಲಿರುವ 15,000 ಲೀಟರಿನ ಟಾಕಿ ತುಂಬಿದಾಗ ಇದಕ್ಕಿಂತ ಭಾರವಾಗಿರುತ್ತದೆ. ಹುಡುಗ ಅಲ್ಲಿಯೂ ನನ್ನನ್ನು ಸೋಲಿಸಿದ.

ಪಿಟಿ-76ಕ್ಕೆ ತದ್ವಿರುದ್ಧವಾದ ಕಥೆ ಪ್ಯಾಟನ್ನಿನದು. ಅಮೆರಿಕ ತಯಾರಿಸಿ ಪಾಕಿಸ್ತಾನಕ್ಕೆ ಕೊಟ್ಟ, ಸುಮಾರು 45 ಟನ್ ತೂಕದ ಈ ಟ್ಯಾಂಕುಗಳು 1965ರ ಸೆಪ್ಟೆಂಬರಿನಲ್ಲಿ ಪಂಜಾಬಿನ ಖೇಮ್‌ಕರಣ್ ಬಳಿಯ ‘ಅಸಲ್ ಉತ್ತರ್’ ಎಂಬ ಹಳ್ಳಿಯತ್ತ ಬಂದಾಗ, ನಮ್ಮವರು ಕಾಲುವೆ ಒಡೆದು ಕಬ್ಬಿನ ಗದ್ದೆಗಳಿಗೆ ನೀರು ಹರಿಸಿದ್ದರು. ಅನೇಕ ಪ್ಯಾಟನ್ನುಗಳು ಕೆಸರಿನಲ್ಲಿ ಹೂತು ಅಲ್ಲೇ ಸಿಕ್ಕಿಬಿದ್ದವು. ಅದೇ ಕಾಳಗದಲ್ಲಿ ಜೀಪಿನ ಮೇಲೆ ಕಟ್ಟಿದ ಫಿರಂಗಿಯಿಂದ ಟ್ಯಾಂಕುಗಳನ್ನು ಹೊಡೆದುರುಳಿಸಿ ಪ್ರಾಣತೆತ್ತವರು ಪರಮವೀರಚಕ್ರದ ಅಬ್ದುಲ್ ಹಮೀದ್.

[ದೃಶ್ಯ: ವೇಗವಾಗಿ ಬದಲಾಗುವ ಚಿತ್ರಗಳು]

ಸಮಯ ಕಡಿಮೆಯಿರುವುದರಿಂದ ಉಳಿದವುಗಳನ್ನು ಒಟ್ಟಿಗೇ ಹೇಳಿಬಿಡುತ್ತೇನೆ. ರೋಲ್ಸ್ ರಾಯ್ಸ್ ಕಾರಿಗೆ ಕವಚ ತೊಡಿಸಿದ ವಾಹನ ಇಲ್ಲಿದೆ, ಮದುವೆ ಮೆರವಣಿಗೆಗೆ ಆಗುವಂಥದ್ದಲ್ಲ. ಮುಂದೆ ಸರಪಳಿಗಳನ್ನು ತಿರುಗಿಸಿ ನೆಲಕ್ಕೆ ಬಡಿದು, ಹೂತಿಟ್ಟ ಮೈನುಗಳನ್ನು ಸಿಡಿಸುವ ಶರ್ಮನ್ ಟ್ಯಾಂಕ್ ಇದೆ. ಚೆನ್ನೈ ಬಳಿಯ ಆವಡಿಯಲ್ಲಿ ತಯಾರಾದ ನಮ್ಮದೇ ‘ವಿಜಯಂತ’ ಇದೆ. ಹೆಸರಿನಲ್ಲಿ ‘ಕ್ಯಾವಲ್ರಿ’ ಏಕೆ ಎಂದು ಕೇಳುವವರಿಗೆ: ಅಶ್ವದಳಗಳೇ ಮುಂದೆ ಟ್ಯಾಂಕ್ ದಳಗಳಾದವು. ಟ್ಯಾಂಕ್ ಯುದ್ಧಕ್ಕಿಳಿದು ಎರಡು ವರ್ಷ ಕಳೆದ ಮೇಲೂ, 1918ರ ಸೆಪ್ಟೆಂಬರ್ 23ರಂದು, ನಮ್ಮ ಮೈಸೂರು ಲ್ಯಾನ್ಸರ್ಸ್ ಜೋಧಪುರದವರೊಡನೆ ಕುದುರೆಯೇರಿ ಭರ್ಜಿ ಹಿಡಿದು ಹೈಫಾ ನಗರವನ್ನು ಗೆದ್ದಿದ್ದರು.

ಬ್ರಿಟಿಷ್ ಟ್ಯಾಂಕ್ ಸೆಂಚೂರಿಯನ್ನಿನ ಬಳಿ ಮಾತ್ರ ಅವಸರ ಮಾಡಲು ಮನಸ್ಸಾಗಲಿಲ್ಲ. ನಮ್ಮ ಊರಿನ ಹೆಸರನ್ನೇ ಹೊತ್ತ ಪೂನಾ ಹಾರ್ಸ್ ರೆಜಿಮೆಂಟಿನ ಇಬ್ಬರು ಪರಮವೀರಚಕ್ರ ವಿಜೇತರೂ ಹೋರಾಡಿದ್ದು ಈ ಬಗೆಯ ಟ್ಯಾಂಕಿನಲ್ಲಿ: ಪುಣೆಯ ಶಾಲೆಯಲ್ಲಿ ಓದಿದ ಅರ್ದೇಶಿರ್ ತಾರಾಪೋರ್ 1965ರಲ್ಲಿ, ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿ (ಎನ್‌ಡಿಎ) ತರಬೇತಿ ಪಡೆದಿದ್ದ 21 ವರ್ಷದ ಅರುಣ್ ಖೇತರ್ಪಾಲ್ 1971ರ ಡಿಸೆಂಬರ್ 16ರಂದು ಬಸಂತರ್ ಕಾಳಗದಲ್ಲಿ. ಯುದ್ಧ ಸನ್ನಿಹಿತವಾದಾಗ ಖೇತರ್ಪಾಲ್ ಇದೇ ನಗರದಲ್ಲಿ ಹೊಸ ಅಧಿಕಾರಿಗಳ ತರಬೇತಿಯಲ್ಲಿದ್ದರು, ಇಲ್ಲಿಂದಲೇ ಅವರನ್ನು ರೆಜಿಮೆಂಟಿಗೆ ಕರೆಸಿಕೊಳ್ಳಲಾಯಿತು.

[ದೃಶ್ಯ: ಗಚ್ಚಿ, ಸಂಜೆ]

ಹೋಗುವವರು ಟೋಪಿ ಒಯ್ಯಿರಿ, ಬಯಲಿನಲ್ಲಿ ಮಧ್ಯಾಹ್ನದ ಬಿಸಿಲಿಗೆ ಉಕ್ಕು ಕಾದು ಅದರ ಪಕ್ಕದಲ್ಲಿ ನಿಲ್ಲುವುದೇ ಕಷ್ಟವಾಗುತ್ತದೆ. ನಾನು ಹಿಂತಿರುಗಿ ಹುಡುಗನಿಗೆ ಪಿಟಿ-76ರ ವಿಡಿಯೋ ತೋರಿಸಿದೆ. ಅವನು ಹಿಂದಿನ ಎರಡು ತೂತುಗಳನ್ನು ಬಹಳ ಹೊತ್ತು ನೋಡಿ, “ಕಾಕಾ, ಇದರಾಗ ಲೀಕೇಜ್ ಆದ್ರ ಯಾರನ್ನ ಕರೀತಾರ?” ಎಂದು ಕೇಳಿದ. ಒಳಗೆ ಸೇರಿದ ನೀರನ್ನು ಹೊರಹಾಕಲು ಅದರಲ್ಲೇ ಒಂದು ಪಂಪ್ ಇರುತ್ತದೆ ಎಂದು ಹೇಳಿದೆ.