ಪುಸ್ತಕ ಮುಚ್ಚಿಟ್ಟು ಓದುವುದು

ಪ್ರೀತಿಯ ವಿದ್ಯಾರ್ಥಿಗಳೇ,

ನಿಮ್ಮಲ್ಲಿ ಎಷ್ಟೋ ಜನ ಇವತ್ತು ಬೆಳಿಗ್ಗೆ ಬೇಲೂರು, ಆಲೂರು, ಅರಕಲಗೂಡು ಕಡೆಯ ಬಸ್ಸಿನಲ್ಲಿ ನಿಂತುಕೊಂಡೇ ಹಾಸನಕ್ಕೆ ಬಂದಿದ್ದೀರಿ. ಸಂಜೆ ಮನೆ ಸೇರಿ, ಕೊಟ್ಟಿಗೆ ಕೆಲಸ ಮುಗಿಸಿ ಪುಸ್ತಕ ಹಿಡಿಯುವಾಗ ಕಣ್ಣು ಎಳೆಯುತ್ತಿರುತ್ತದೆ. ದಿನಕ್ಕೆ ಆರು ಗಂಟೆ ಓದಿ ಎಂದು ನಿಮಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಸಿಕ್ಕುವ ಒಂದು ಗಂಟೆಯನ್ನು ಹೇಗೆ ಉಳಿಸಿಕೊಳ್ಳುವುದು, ಅಷ್ಟನ್ನೇ ಮಾತಾಡೋಣ.

ಪಿಯುಸಿಯಲ್ಲಿ ಪರೀಕ್ಷೆಗೆ ಇಡೀ ವರ್ಷ ಇತ್ತು. ಸೆಮಿಸ್ಟರ್ ಹಾಗಲ್ಲ. ‘ಹಾಸನಾಂಬೆ ದರ್ಶನ, ದೀಪಾವಳಿ ಎಲ್ಲ ಮುಗಿಯಲಿ, ಆಮೇಲೆ ಕೂರೋಣ’ ಎಂದುಕೊಂಡರೆ ಇಂಟರ್ನಲ್ಸ್ ಬಂದೇಬಿಡುತ್ತದೆ.

ನಾನು ಮೊದಲ ಸೆಮಿಸ್ಟರ್‌ನಲ್ಲಿ ಓದಿದ್ದನ್ನೇ ಮತ್ತೆ ಮತ್ತೆ ಓದಿದೆ. ನಾಲ್ಕನೇ ಸಲಕ್ಕೆ ಪ್ರತಿ ಸಾಲೂ ಗುರುತು ಸಿಕ್ಕಿತು. ಗುರುತು ಸಿಕ್ಕಿದ್ದನ್ನೇ ಗೊತ್ತಿದೆ ಎಂದು ತಿಳಿದೆ. ಪರೀಕ್ಷೆಯಲ್ಲಿ ಉತ್ತರದ ಮೊದಲ ಸಾಲೇ ಹೊರಡಲಿಲ್ಲ. ಆ ದಿನದ ಸಂಕಟ ಇನ್ನೂ ಮರೆತಿಲ್ಲ. ಅದು ನಿಮಗೆ ಬರಬಾರದು.

2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಅಮೆರಿಕದ ಮನೋವಿಜ್ಞಾನಿಗಳು ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗವೊಂದನ್ನು ಪ್ರಕಟಿಸಿದರು. ಒಂದು ಗುಂಪು ಪಾಠವನ್ನು ನಾಲ್ಕು ಅವಧಿ ಓದಿತು. ಇನ್ನೊಂದು ಗುಂಪು ಒಂದೇ ಅವಧಿ ಓದಿ, ಉಳಿದ ಮೂರರಲ್ಲಿ ಪಾಠ ನೋಡದೆ ನೆನಪಾದದ್ದನ್ನೆಲ್ಲ ಬರೆಯಿತು. ಐದು ನಿಮಿಷ ಬಿಟ್ಟು ಪರೀಕ್ಷಿಸಿದಾಗ ಓದಿದವರಿಗೆ ಶೇ. 83ರಷ್ಟು ನೆನಪಿತ್ತು, ಬರೆದವರಿಗೆ ಶೇ. 71. ವಾರ ಕಳೆದ ಮೇಲೆ ಲೆಕ್ಕ ತಿರುಗಿತು: ಓದಿದವರಿಗೆ ಶೇ. 40, ಬರೆದವರಿಗೆ ಶೇ. 61. ರಾತ್ರಿ ‘ಎಲ್ಲಾ ಬರುತ್ತೆ’ ಅನ್ನಿಸಿದ್ದು ಆಮೇಲೆ ಎಲ್ಲಿ ಹೋಯಿತು ಎಂದು ಅಳುವವರು ಈ ಅಂಕಿಗಳನ್ನು ನೋಡಬೇಕು.

ಹಾಗಾಗಿ ಎರಡು ಪುಟ ಓದಿ, ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ಬರೆಯಿರಿ. ಆಮೇಲೆ ತೆರೆದು ಬಿಟ್ಟುಹೋದದ್ದನ್ನು ತುಂಬಿಸಿ. ಕನ್ನಡ ಮಾಧ್ಯಮದಿಂದ ಬಂದವರು ಮೊದಲು ಕನ್ನಡದಲ್ಲೇ ಬರೆಯಿರಿ, ನಾಚಿಕೆ ಬೇಡ. ‘ಪ್ರೈಸ್ ಎಲಾಸ್ಟಿಸಿಟಿ’, ಅಂದರೆ ಬೆಲೆ ಬದಲಾದಾಗ ಬೇಡಿಕೆ ಎಷ್ಟು ಬದಲಾಗುತ್ತದೆ ಎಂಬುದನ್ನು, ಬಾಯಿಪಾಠ ಮಾಡುವ ಮೊದಲು ಯೋಚಿಸಿ: ಉಪ್ಪಿನ ಬೆಲೆ ಎರಡು ರೂಪಾಯಿ ಏರಿದರೆ ಅಮ್ಮ ಸಾರಿಗೆ ಉಪ್ಪು ಕಮ್ಮಿ ಹಾಕುತ್ತಾರಾ? ಇಲ್ಲ. ಅದೇ ಸೇಬಿನ ಬೆಲೆ ಏರಿದರೆ ತರುವುದನ್ನೇ ಬಿಡುತ್ತೇವೆ. ವಿಷಯ ಅಷ್ಟೇ. ಒಳಗೆ ಇದು ಕೂತ ಮೇಲೆ ಇಂಗ್ಲಿಷ್ ಪದ ತಾನಾಗಿ ಅಂಟಿಕೊಳ್ಳುತ್ತದೆ. ಪರೀಕ್ಷೆ ಇಂಗ್ಲಿಷಿನಲ್ಲಿ ಬರೆಯುವವರು ಅದೇ ಉತ್ತರವನ್ನು ಮರುದಿನ ಇಂಗ್ಲಿಷಿನಲ್ಲಿ ಬರೆದು ನೋಡಿ.

ಒಂದೇ ದಿನ ಐದು ಸಲ ಬರೆಯುವುದು ಬೇಡ. ನಾಳೆ ಒಮ್ಮೆ, ಮೂರು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಒಮ್ಮೆ. ಬಸ್ಸಿನಲ್ಲಿ ಪುಸ್ತಕ ಹಿಡಿಯಲಾಗದಿದ್ದರೂ ನಿನ್ನೆಯ ಪಾಠವನ್ನು ಮನಸ್ಸಿನಲ್ಲೇ ಹೇಳಿಕೊಳ್ಳಬಹುದು. ತಡವರಿಸಿದ ಜಾಗವನ್ನು ಇಳಿದ ಕೂಡಲೇ ಅಂಗೈ ಮೇಲಾದರೂ ಗುರುತು ಮಾಡಿಕೊಂಡು ನಮ್ಮ ಹತ್ತಿರ ತನ್ನಿ. ಊಟದ ಬಿಡುವಿನಲ್ಲಿ ನಾನು ಸ್ಟಾಫ್ ರೂಮಿನಲ್ಲೇ ಇರುತ್ತೇನೆ.